ಒಂಬತ್ತು ಅಂಗಿಗಳ ಕೌದಿ

ಒಂದು ಕೌದಿ ಹೊಲಿಯಲು ನಾನು ಆರು ವರ್ಷ ತೆಗೆದುಕೊಂಡೆ. ನಾನು ಹುಟ್ಟಿ ಬೆಳೆದ ದಾವಣಗೆರೆಯಲ್ಲಿ ಬೇಸಿಗೆಗೆ ಮನೆಮನೆಗೆ ಬರುತ್ತಿದ್ದ ಕೌದಿ ಹೊಲಿಯುವ ಹೆಂಗಸರು ಇದನ್ನು ಕೇಳಿದ್ದರೆ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ನಕ್ಕುಬಿಡುತ್ತಿದ್ದರು. ಅವರಲ್ಲಿ ಇಬ್ಬರು ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರೆಂದರೆ ಅಮ್ಮನ ಏಳೆಂಟು ಹಳೇ ಸೀರೆಗಳು ಮೂರನೇ ದಿನದ ಸಂಜೆಗೆ ಕೌದಿಯಾಗಿ ಮಡಚಿಕೊಂಡು ಒಳಗೆ ಬರುತ್ತಿದ್ದವು. ರಜೆಯಲ್ಲಿ ನನಗೂ ಬೇರೆ ಕೆಲಸವಿರುತ್ತಿರಲಿಲ್ಲ. ಅವರ ಪಕ್ಕ ಕೂತು ಕಲಿತೆ. ಮೂಲೆಯಿಂದ ಶುರುಮಾಡು, ಸುತ್ತಿಕೊಂಡು ನಡುವಿಗೆ ಬಾ, ಬಟ್ಟೆಯನ್ನು ಕಾಲಿನ ಹೆಬ್ಬೆರಳಿನಿಂದ ಬಿಗಿಯಾಗಿ ಹಿಡಿ. ಅಷ್ಟೇ ಪಾಠ. ಅಷ್ಟು ಸುಲಭದ ಕೆಲಸಕ್ಕೆ ಆರು ವರ್ಷ ಯಾಕೆ ಬೇಕಾಯಿತು ಎಂದು ಯಾರು ಕೇಳಿದರೂ ನನ್ನ ಉತ್ತರ ಸಿದ್ಧವಿತ್ತು. ಟೈಮ್ ಸಿಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಹೇಳುತ್ತಿರುತ್ತಾರೆ.

ನಾವು ಪರ್ತ್‌ನ ಪಿಯಾರಾ ವಾಟರ್ಸ್‌ಗೆ ಹೋದಾಗ ಅಲ್ಲಿನ ಅರ್ಧ ಮನೆಗಳಿಗೆ ಇನ್ನೂ ಸೂರು ಹೊದಿಸಿರಲಿಲ್ಲ. ರಸ್ತೆಗಳಿಗೆ ಹೆಸರಿತ್ತು, ಮರಗಳಿರಲಿಲ್ಲ. ಮಧ್ಯಾಹ್ನದ ಗಾಳಿಗೆ ಮರಳು ಕಿಟಕಿಯ ಸಂದಿಯಿಂದ ನುಗ್ಗಿ ಊಟದ ತಟ್ಟೆಯವರೆಗೂ ಬರುತ್ತಿತ್ತು. ನನ್ನ ಗಂಡ ಗಣಿಯೊಂದರಲ್ಲಿ ಎಂಜಿನಿಯರ್. ಎರಡು ವಾರ ಅಲ್ಲಿ, ಒಂದು ವಾರ ಮನೆ. ಮಗಳಿಗೆ ಆಗ ನಾಲ್ಕು ವರ್ಷ. ನನಗೆ ಕೆಲಸವಿರಲಿಲ್ಲ, ಗುರುತಿನವರಿರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಈಗ ನೆನೆದರೆ ಹೊಟ್ಟೆಕಿಚ್ಚಾಗುವಷ್ಟು ಸಮಯ ಮಾತ್ರ ಇತ್ತು.

ಪಕ್ಕದ ಮನೆಯಲ್ಲಿ ಉಡುಪಿ ಕಡೆಯ ಕ್ಯಾಥಲಿಕ್ ದಂಪತಿ ಇದ್ದರು. ಕುವೈತ್‌ನಲ್ಲಿ ಇಪ್ಪತ್ತು ವರ್ಷ ದುಡಿದು, ಮಕ್ಕಳು ಓದಲು ಬಂದ ಊರಿಗೆ ತಾವೂ ಬಂದು ನೆಲೆಸಿದವರು. ಎಲ್ಲರಂತೆ ನಾನೂ ಅವರನ್ನು ಅಂಕಲ್, ಆಂಟಿ ಎನ್ನುತ್ತಿದ್ದೆ. ಅಂಕಲ್ ಎಲೆಕ್ಟ್ರಿಷಿಯನ್. ಎರಡು ಮನೆಗಳ ನಡುವಿನ ತಗಡಿನ ಬೇಲಿಯ ಮೇಲಿಂದ ಮೊದಲು ಅವರ ಕೈ ಕಾಣಿಸುತ್ತಿತ್ತು, ಕೈಯಲ್ಲಿ ಒಂದು ಕಟ್ಟು ಬಸಳೆ ಸೊಪ್ಪು, ಆಮೇಲೆ ಧ್ವನಿ. "ಹಿಡ್ಕೋ ಮಾರಾಯ್ತಿ, ಕೈ ನೋಯ್ತದೆ!" ಅವರು ಬಂದದ್ದು ನೋಡದೆಯೇ ಗೊತ್ತಾಗುತ್ತಿತ್ತು. ಕುವೈತ್‌ನಿಂದ ತಂದ ಊದ್ ಅತ್ತರನ್ನು ದಿನಾ ಕಾಲರಿಗೆ ಒಂದು ಬೊಟ್ಟು ಹಚ್ಚುತ್ತಿದ್ದರು. ಅದಕ್ಕೆ ವೈರ್ ಬೆಸುಗೆಯ ಹೊಗೆ, ಬೆವರು ಎಲ್ಲ ಸೇರಿ ಒಂದು ವಾಸನೆ. ಚೆನ್ನಾಗಿತ್ತು ಎಂದು ಹೇಳಲಾರೆ. ಆದರೆ ಆ ವಾಸನೆ ಬಂದರೆ ಮನೆಯಲ್ಲಿ ಯಾರೋ ದೊಡ್ಡವರು ಇದ್ದಾರೆ ಎಂಬ ಧೈರ್ಯ ಬರುತ್ತಿತ್ತು.

ಆ ವರ್ಷ ಮಗಳಿಗೊಂದು ಕೌದಿ ಹೊಲಿದೆ. ಸಂಜೆ ನಾಲ್ಕಾದರೆ ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆ. ಆಂಟಿ ಚಹಾದ ಫ್ಲಾಸ್ಕ್ ಹಿಡಿದು ಬರುತ್ತಿದ್ದರು, ಅವರ ಹಿಂದೆ ಅಂಕಲ್. ಆಂಟಿ ಸೂಜಿಗೆ ದಾರ ಪೋಣಿಸಿ ಕೊಡುವುದು, ಅಂಕಲ್ ನನ್ನ ಹೊಲಿಗೆ ಸೊಟ್ಟಗಿದೆ ಎಂದು ಕಿಚಾಯಿಸುವುದು, ಮಗಳು ಕೌದಿಯ ಕೆಳಗೆ ನುಸುಳಿ ಅದನ್ನು ಗುಡಾರ ಮಾಡುವುದು. ಅಷ್ಟೇ ನಡೆಯುತ್ತಿದ್ದುದು, ದಿನವೂ. ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವು ಎಂದು ಕೇಳಿದರೆ ಮದುವೆ, ಬಾಣಂತನ, ಪದವಿ ಎಲ್ಲವನ್ನೂ ಬಿಟ್ಟು ಆ ಚಾಪೆಯ ಹೆಸರು ಹೇಳುತ್ತೇನೆ.

ಕೌದಿ ಮುಗಿದ ದಿನ ಅಂಕಲ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಂದೂ ಒಂಬತ್ತು ಹತ್ತು ಹಳೇ ಅಂಗಿ ಉಂಟು. ನನಗೂ ಒಂದು ಹೊಲಿದು ಕೊಡು. ನಿನ್ನ ಆಂಟಿ ಎಲ್ಲ ಹೊದಿಕೆ ಅವಳ ಕಡೆಗೇ ಎಳ್ಕೊಳ್ತಾಳೆ" ಎಂದರು. ಕೊಡುತ್ತೇನೆ ಎಂದೆ.

ಮರುವರ್ಷ, ಒಂದು ಶನಿವಾರ ಬೆಳಿಗ್ಗೆ, ಗಿಡಗಳಿಗೆ ನೀರು ಬಿಡುತ್ತಿದ್ದ ಅಂಕಲ್ ಅಲ್ಲೇ ಕುಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ತಿಂಗಳು ಕಳೆದ ಮೇಲೆ ಆಂಟಿ ಒಂದು ದೊಡ್ಡ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಅವರ ಅಂಗಿ. ಒಂಬತ್ತು ಉಂಟು. ನನಗೆ ಕತ್ತರಿ ಹಾಕ್ಲಿಕ್ಕೆ ಆಗುವುದಿಲ್ಲ. ನೀನು ಹೊಲಿ. ಕ್ರಿಸ್ಮಸ್‌ಗೆ ಆದ್ರೆ ಸಾಕು" ಎಂದು ಚೀಲವನ್ನು ನನ್ನ ಕೈಗಿಟ್ಟು ಹೊರಟರು.

ಇಲ್ಲಿಂದ ಮುಂದಿನದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ರೂಢಿ. ಸಾವಿನ ಮನೆಯಿಂದ ಬಂದ ಬಟ್ಟೆ ನೀರು ಕಾಣದೆ ಒಳಗೆ ಹೋಗಬಾರದು. ಮಣ್ಣಿಗೆ ಹೋಗಿ ಬಂದ ಅಪ್ಪ ಹಿತ್ತಿಲಲ್ಲೇ ಸ್ನಾನ ಮಾಡಿ, ಉಟ್ಟದ್ದನ್ನು ಬಕೆಟ್ಟಿನಲ್ಲಿ ಮುಳುಗಿಸಿಯೇ ಹೊಸ್ತಿಲು ದಾಟುತ್ತಿದ್ದರು. ನಾನು ಮೈಲಿಗೆ ಮಡಿಯನ್ನು ನಂಬುವವಳಲ್ಲ. ಕಾಲೇಜಿನಲ್ಲಿ ಅದರ ವಿರುದ್ಧ ಭಾಷಣ ಮಾಡಿ ಬಹುಮಾನ ಗಿಟ್ಟಿಸಿದವಳು. ಆದರೆ ಆ ದಿನ ತಲೆಯನ್ನು ಯಾರೂ ಕೇಳಲಿಲ್ಲ, ಕೈಗಳೇ ಕೆಲಸ ಮಾಡಿದವು. ಚೀಲವನ್ನು ಒಳಗೆ ತರದೆ ಮನೆಯ ಬದಿಯ ಬಾಗಿಲಿನಿಂದ ನೇರವಾಗಿ ಬಟ್ಟೆ ಒಗೆಯುವ ಕೋಣೆಗೆ ಒಯ್ದು, ಒಂಬತ್ತೂ ಅಂಗಿಗಳನ್ನು ಬಿಸಿನೀರಿಗೆ ಹಾಕಿ, ಸೋಪಿನ ಪುಡಿ ಸುರಿದೆ. ಎರಡು ಸಲ ಜಾಲಾಡಿದೆ. ಬಟ್ಟೆ ಮೆದುವಾಗಲಿ ಎಂದು ಲ್ಯಾವೆಂಡರ್ ವಾಸನೆಯ ಕಂಡಿಷನರ್ ಬೇರೆ ಹಾಕಿದೆ. ಹೊರಗೆ ಒಣಹಾಕಿದರೆ ಆಂಟಿಯ ಕಣ್ಣಿಗೆ ಬಿದ್ದು ಸಂಕಟವಾದೀತೆಂದು ಗ್ಯಾರೇಜಿನಲ್ಲಿ ಹಗ್ಗ ಕಟ್ಟಿ ಹರವಿದೆ. ಎಂಥ ತಿಳುವಳಿಕೆಯವಳು ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹತ್ತು ದಿನ ಬಿಟ್ಟು ಆಂಟಿ ಮತ್ತೆ ಬಂದರು. ಈ ಸಲ ಒಳಗೆ ಬಂದು ಕೂತರು. ಸ್ವಲ್ಪ ಹೊತ್ತು ಸೀರೆಯ ಸೆರಗಿನ ಜೊತೆ ಆಡಿದರು.

"ನೀನು ನಗಬಾರದು ಆಯ್ತಾ? ಆ ನೀಲಿ ಚೌಕಳಿಯದ್ದು ಒಂದು ಅಂಗಿ ಉಂಟಲ್ಲ, ಅದನ್ನು ಎರಡು ದಿವಸಕ್ಕೆ ವಾಪಸ್ ಕೊಡ್ತೀಯಾ? ನಾನು ದಡ್ಡಿ, ದುಃಖದಲ್ಲಿ ಮನೆಯ ಚಾದರ, ದಿಂಬು, ಟವೆಲ್ ಎಲ್ಲ ತೊಳೆದು ಹಾಕಿಬಿಟ್ಟೆ. ಅವರ ವಾಸನೆ ಈಗ ಮನೆಯಲ್ಲಿ ಎಲ್ಲಿಯೂ ಇಲ್ಲ. ನಿನಗೆ ಕೊಟ್ಟ ಅಂಗಿ ಮಾತ್ರ ಅವರು ಹಾಕಿ ಬಿಚ್ಚಿಟ್ಟದ್ದು, ತೊಳೆದದ್ದಲ್ಲ. ಒಂದ್ಸಲ ಮೂಸಿ ಕೊಡ್ತೇನೆ."

ಅಂಗಿ ಅಲ್ಲೇ, ಅವರು ಕೂತಿದ್ದ ಸೋಫಾದ ಹಿಂದಿನ ಕೋಣೆಯಲ್ಲಿ, ಮಡಚಿ ಇಸ್ತ್ರಿ ಮಾಡಿ ಇಟ್ಟಿತ್ತು, ಲ್ಯಾವೆಂಡರ್ ಘಮಘಮ ಎನ್ನುತ್ತಾ. ತಪ್ಪಾಯಿತು ಎಂದು ಕಾಲು ಹಿಡಿದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಯಾಕೆ ತೊಳೆದೆ ಎಂದು ಕೇಳಿದರೆ ಏನು ಹೇಳಲಿ? ನಿಮ್ಮ ಗಂಡನ ಬಟ್ಟೆ ನನ್ನ ಮನೆಗೆ ಮೈಲಿಗೆ ಎಂದೇ? ಬಸಳೆ ಕೊಟ್ಟ ಮನೆಯವರಿಗೆ ಆ ಮಾತನ್ನು ಹೇಗೆ ಹೇಳುವುದು?

"ಅಯ್ಯೋ, ಅದನ್ನ ಆಗ್ಲೇ ಕತ್ತರಿಸ್ಬಿಟ್ಟೆ ಆಂಟಿ. ಎಲ್ಲ ಪೀಸ್ ಮಾಡಿ ಗಂಜಿಗೆ ಹಾಕ್ಬಿಟ್ಟಿದೀನಿ" ಎಂದೆ.

"ಹೌದಾ? ಅಡ್ಡಿಯಿಲ್ಲ, ಅಡ್ಡಿಯಿಲ್ಲ. ನಾನೇ ಅಲ್ವಾ ಹೊಲಿ ಅಂತ ಕೊಟ್ಟದ್ದು" ಎಂದು ಎದ್ದರು. ಬಾಗಿಲು ಹಾಕಿದವಳೇ ಕತ್ತರಿ ಹುಡುಕಿದೆ. ಹೇಳಿದ ಸುಳ್ಳನ್ನು ನಿಜ ಮಾಡಲು ಆ ನೀಲಿ ಚೌಕಳಿಯ ಅಂಗಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹಾಸಿ ಚೂರು ಚೂರು ಮಾಡಿದೆ. ಒಂದು ಚೂರೂ ನೇರವಾಗಿ ಬರಲಿಲ್ಲ.

ಆ ಕ್ರಿಸ್ಮಸ್‌ಗೆ ಕೌದಿ ಆಗಲಿಲ್ಲ. ಮಗಳು ಶಾಲೆಗೆ ಸೇರಿದಳು, ನಾನು ಡ್ರೈವಿಂಗ್ ಕಲಿತೆ, ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಸಿಕ್ಕಿತು. ಎಲ್ಲವೂ ನಿಜವಾದ ಕಾರಣಗಳೇ. ಸೂಜಿ ಹಿಡಿದು ಕೂತರೆ ಲ್ಯಾವೆಂಡರ್ ವಾಸನೆ ಮೂಗಿಗೆ ಅಡರುತ್ತಿತ್ತು ಎನ್ನುವುದು ಮಾತ್ರ ನಾನು ಯಾರಿಗೂ ಹೇಳದ ಕಾರಣ. ಚಾಪೆಯ ಸಂಜೆಗಳನ್ನೂ ಮೆಲ್ಲಗೆ ಕಡಿಮೆ ಮಾಡಿದೆ. ಆಂಟಿ ಫ್ಲಾಸ್ಕ್ ಹಿಡಿದು ಬಂದರೆ, "ಡ್ಯೂಟಿ ಇದೆ ಆಂಟಿ" ಎನ್ನುತ್ತಿದ್ದೆ. ಕೆಲವು ಸಲ ಇರುತ್ತಿತ್ತು, ಕೆಲವು ಸಲ ಇರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಗಣಿಯ ಕೆಲಸ ಹೋಯಿತು. ನನ್ನ ಗಂಡನಿಗೆ ಬ್ರಿಸ್ಬೇನ್‌ನಲ್ಲಿ ಬೇರೆ ಕೆಲಸ ಸಿಕ್ಕಿ ಅಲ್ಲಿಗೆ ಹೊರಟೆವು. ಬೀಳ್ಕೊಡುವಾಗ ಆಂಟಿ ಮಗಳಿಗೆ ಮುತ್ತು ಕೊಟ್ಟು, ನನಗೆ, "ಅಲ್ಲಿಯಾದ್ರೂ ಟೈಮ್ ಮಾಡ್ಕೊ" ಎಂದರು. ನಗುತ್ತಲೇ ಹೇಳಿದರು. ನನಗೆ ಊರು ಬಿಡುವ ದುಃಖಕ್ಕಿಂತ ಬಚಾವಾದೆ ಎನ್ನುವ ನಿರಾಳವೇ ಹೆಚ್ಚಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ ಬಾಡಿಗೆ ಮನೆ. ಪರ್ತ್‌ನ ಒಣ ಗಾಳಿಗೆ ಒಗ್ಗಿದ್ದ ನಮಗೆ ಅಲ್ಲಿನ ಸೆಖೆ ಮೈಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಮೊದಲ ಬೇಸಿಗೆಯಲ್ಲೇ ಅಂಗಿಗಳನ್ನೂ ತುಂಡುಗಳನ್ನೂ ತುಂಬಿ ಕಪಾಟಿನ ಒಳಗಿಟ್ಟಿದ್ದ ದಿಂಬಿನ ಚೀಲ ತೆಗೆದು ನೋಡಿದರೆ ಅಂಕಲ್‌ನ ಬಿಳಿ ಅಂಗಿಗೆ ಬೂಷ್ಟು ಹಿಡಿದಿತ್ತು. ಭಾನುವಾರದ ಪೂಜೆಗೆ ಇಗರ್ಜಿಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಲ್ಲಿಟ್ಟು ಬಿಡಿಸಿದೆ. ಮತ್ತೆ ತೊಳೆದದ್ದಾಯಿತು.

ಅಲ್ಲಿಯ ಲೈಬ್ರರಿಯಲ್ಲಿ ಬುಧವಾರದ ಕ್ವಿಲ್ಟಿಂಗ್ ಗುಂಪೊಂದಿತ್ತು, ಅಲ್ಲಿನವರ ಬಗೆಯ ಕೌದಿ ಹೊಲಿಯುವವರದು. ಚೀಲ ಹಿಡಿದು ಹೋದೆ. ಅವರೆಲ್ಲ ಚಕ್ರದಂಥ ಕತ್ತರಿಯಲ್ಲಿ ಹೊಸ ಬಟ್ಟೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ತ್ರಿಕೋನ ಮಾಡುತ್ತಿದ್ದರು. ನನ್ನ ಸೊಟ್ಟ ತುಂಡುಗಳನ್ನೂ, ನೆಲದ ಮೇಲೆ ಕೂತು ಕಾಲ್ಬೆರಳಿನಲ್ಲಿ ಬಟ್ಟೆ ಹಿಡಿಯುವುದನ್ನೂ ಕಂಡು ಕಣ್ಣರಳಿಸಿದರು. ಅವರಲ್ಲಿ ಒಬ್ಬಾಕೆ, ಬೆಳ್ಳಿ ಕೂದಲಿನ ನಿವೃತ್ತ ಟೀಚರ್, ನನಗೆ ಟೈಮ್ ಇಲ್ಲ ಎನ್ನುವ ಪಲ್ಲವಿ ಕೇಳಿ, ದಿನಕ್ಕೆ ಹದಿನೈದೇ ನಿಮಿಷ ಸಾಕು, ಸೂಜಿಗೆ ದಾರ ಪೋಣಿಸಿ ಕಣ್ಣಿಗೆ ಕಾಣುವಲ್ಲಿ ಇಡು ಎಂದರು. ಆಮೇಲೆ ನನ್ನ ಮುಖ ನೋಡಿ, "ಹದಿನೈದು ನಿಮಿಷ ಎಲ್ಲರಿಗೂ ಇರುತ್ತೆ. ಇಲ್ಲ ಅಂದರೆ ಬೇರೆ ಏನೋ ಇದೆ ಅಂತ" ಎಂದು ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಮುಂದಿನ ಬುಧವಾರ ನಾನು ಆ ಕಡೆ ತಲೆ ಹಾಕಲಿಲ್ಲ.

ಆಂಟಿ ಪ್ರತಿ ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಫೋನ್ ಮಾಡುತ್ತಿದ್ದರು. "ಅಮ್ಮಾ, ಪರ್ತ್ ಆಂಟಿ ಈಸ್ ಕಾಲಿಂಗ್ ಅಗೇನ್" ಎಂದು ಮಗಳು ಕೂಗಿದರೆ ನಾನು ಸ್ನಾನಕ್ಕೆ ಹೋಗಿಬಿಡುತ್ತಿದ್ದೆ. ಎತ್ತಿದಾಗಲೂ ಎರಡು ನಿಮಿಷ. ಅವರು, "ಮೊನ್ನೆ ಅಂಕಲ್‌ದು ಒಂದು ವಿಷಯ ನೆನಪಾಯ್ತು ಮಾರಾಯ್ತಿ" ಎಂದು ಶುರುಮಾಡಿದರೆ, "ಆಂಟಿ, ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ" ಎನ್ನುತ್ತಿದ್ದೆ. ಮಾಡುತ್ತಿರಲಿಲ್ಲ. ಭಾನುವಾರದ ಫೋನು ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೆ ಮಾತ್ರ, ಆಮೇಲೆ ಅದೂ ಇಲ್ಲ. ಕೊನೆಯ ಎರಡು ಕ್ರಿಸ್ಮಸ್‌ಗೆ ನಾನು ಕಳಿಸಿದ ಶುಭಾಶಯಕ್ಕೆ ಒಂದು ನಕ್ಷತ್ರದ ಚಿತ್ರ ಬಂತು, ಅಷ್ಟೇ.

ಮೂವತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ನರ್ಸಿಂಗ್ ಓದುವ ಹುಚ್ಚು ಹಿಡಿಯಿತು. ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್‌ನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಈ ಸಲ ನನ್ನ ಹಿಂದೆ ಗಂಡ ಬಂದ. "ಇಷ್ಟು ದಿನ ನೀನು ನನ್ ಹಿಂದೆ ಟ್ರಾಲಿ ಎಳ್ಕೊಂಡು ಬಂದೆ, ಈಗ ನನ್ ಸರದಿ" ಎಂದ. ಪೆಟ್ಟಿಗೆ ಕಟ್ಟುವಾಗ ದಿಂಬಿನ ಚೀಲವನ್ನು ಅವನೇ ಎತ್ತಿ, "ಇದನ್ನ ಇನ್ನೂ ಎಷ್ಟು ಊರು ಸುತ್ತಿಸ್ತೀಯ?" ಎಂದು ಕೇಳಿದ. ನಾನು ರೇಗಿದೆ. ನನಗೆ ರೇಗುವುದು ಸಲೀಸು.

ಎರಡನೇ ವರ್ಷದ ತರಬೇತಿ ಪಕ್ಕದ ಆಸ್ಪತ್ರೆಯಲ್ಲಿ. ಒಂದು ಮಧ್ಯಾಹ್ನ ನಮ್ಮ ವಾರ್ಡಿನಲ್ಲಿ ಒಬ್ಬ ಮುದುಕರು ತೀರಿಕೊಂಡರು. ಅವರ ವಸ್ತುಗಳನ್ನು ಮನೆಯವರಿಗೆ ಕೊಡಲು ಚೀಲಕ್ಕೆ ತುಂಬುವ ಕೆಲಸ ನನ್ನದು. ಕನ್ನಡಕ, ಚಪ್ಪಲಿ, ರೇಡಿಯೊ. ಕುರ್ಚಿಯ ಮೇಲೆ ಅವರು ಬಿಚ್ಚಿಟ್ಟಿದ್ದ ಅಂಗಿ ಮುದುರಿಕೊಂಡು ಬಿದ್ದಿತ್ತು, ಕಾಲರಿನಲ್ಲಿ ಕೊಳೆ. ಇದನ್ನು ಒಗೆಸಿ ಕೊಡೋಣ ಎಂದುಕೊಂಡು ಕೈಗೆತ್ತಿಕೊಂಡೆ. ಹಿರಿಯ ನರ್ಸ್ ನನ್ನ ಮೊಣಕೈ ಹಿಡಿದು ತಡೆದರು. "ಹಾಗೇ ಇಡು. ಎಷ್ಟೋ ಜನ ಅದನ್ನೇ ಮೊದಲು ಹುಡುಕುತ್ತಾರೆ" ಎಂದರು.

ಆ ಅಂಗಿಯನ್ನು ಹಾಗೇ ಮಡಚಿ ಚೀಲಕ್ಕಿಟ್ಟೆ. ಅರ್ಧ ಗಂಟೆಯ ಮೇಲೆ ಬಂದ ಅವರ ಹೆಂಡತಿ ಕಾರಿಡಾರಿನಲ್ಲೇ ಚೀಲ ಬಿಚ್ಚಿ, ಕನ್ನಡಕವನ್ನೂ ರೇಡಿಯೊವನ್ನೂ ಬದಿಗೆ ಸರಿಸಿ, ಅಂಗಿಯನ್ನು ಎತ್ತಿಕೊಂಡು ಮುಖಕ್ಕೆ ಒತ್ತಿಕೊಂಡರು. ನಾನು ಚಾದರಗಳನ್ನಿಡುವ ಲಿನನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಐದು ವರ್ಷದಿಂದ ಅಳಬೇಕಾಗಿದ್ದ ಅಳು ಅದು.

ಮಾರನೇ ದಿನದಿಂದ ಹೊಲಿಯತೊಡಗಿದೆ. ಓದು, ತರಬೇತಿ, ವಾರಾಂತ್ಯದಲ್ಲಿ ಆರೈಕೆಯ ಕೆಲಸ, ಹನ್ನೊಂದು ವರ್ಷದ ಮಗಳ ಸಿಡುಕು. ಪರ್ತ್‌ನಲ್ಲಿದ್ದ ಸಮಯದ ಕಾಲುಭಾಗವೂ ಈಗ ಇರಲಿಲ್ಲ. ಆದರೂ ಆಯಿತು. ಟೀ ಬ್ರೇಕಿನಲ್ಲಿ ಹದಿನೈದು ನಿಮಿಷ, ಬಸ್ಸಿನಲ್ಲಿ ಇಪ್ಪತ್ತು, ಅನ್ನ ಆಗುವಷ್ಟರಲ್ಲಿ ಹತ್ತು. ತಳಕ್ಕೆ ನನ್ನ ಎರಡು ಹತ್ತಿ ಸೀರೆ, ನಡುವೆ ಹಳೇ ಚಾದರ, ಮೇಲೆ ಅಂಕಲ್‌ನ ಅಂಗಿಗಳು. ಕೆಲಸಕ್ಕೆ ಹಾಕುತ್ತಿದ್ದ, ದೂರಕ್ಕೂ ಎದ್ದು ಕಾಣುವ ಕಿತ್ತಳೆ ಬಣ್ಣದ ಹೈ-ವಿಸ್ ಅಂಗಿಯನ್ನು ಎಲ್ಲಿ ಹಾಕಿದರೂ ಕಣ್ಣಿಗೆ ಹೊಡೆಯುತ್ತಿತ್ತು. ಅದರ ಹೊಳೆಯುವ ಪಟ್ಟಿ ಸೂಜಿಗೆ ಬಗ್ಗದೆ ಮೂರು ಸೂಜಿ ಮುರಿಯಿತು. ಮಗಳು ಒಂದು ಸಾಲು ತಾನೂ ಹೊಲಿದಳು, "ಇಟ್ಸ್ ಫಾರ್ ದ ಬಸಳೆ ಅಂಕಲ್, ರೈಟ್?" ಎನ್ನುತ್ತಾ. ಅವಳಿಗೆ ನೆನಪಿದ್ದುದು ನನಗೆ ಗೊತ್ತೇ ಇರಲಿಲ್ಲ. ನೀಲಿ ಚೌಕಳಿಯ ಸೊಟ್ಟ ಚೂರುಗಳನ್ನು ಸರಿಮಾಡಲು ಹೋಗಲಿಲ್ಲ. ಹೇಗಿದ್ದವೋ ಹಾಗೇ ನಡುವಿಗೆ ಹಚ್ಚಿದೆ.

ಮುಗಿದಾಗ ಅಂಚೆಯಲ್ಲಿ ಕಳಿಸಬಹುದಿತ್ತು. ಗಂಡ ಅದನ್ನೇ ಹೇಳಿದ. "ಇಲ್ಲ, ಹೇಳ್ಬೇಕಾದ್ದಿದೆ" ಎಂದು ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಟಿಕೆಟ್ ತೆಗೆದುಕೊಟ್ಟ. ನನಗಿದ್ದದ್ದು ಎರಡೇ ದಿನ ರಜೆ. ಸಂಜೆ ಪರ್ತ್‌ನಲ್ಲಿ ಇಳಿದು ಹೋಟೆಲಿನಲ್ಲಿ ಉಳಿದು, ಬೆಳಿಗ್ಗೆ ಪಿಯಾರಾ ವಾಟರ್ಸ್‌ಗೆ ಹೋಗಿ, ಮಧ್ಯಾಹ್ನ ಮೂರರ ವಿಮಾನ ಹಿಡಿಯುವುದು ಎಂದು ಲೆಕ್ಕ.

ಬೀದಿಯಲ್ಲಿ ಈಗ ಮರಗಳಿದ್ದವು. ಬಾಗಿಲು ತೆರೆದ ಆಂಟಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಂದೆಯಾ ಎನ್ನಲಿಲ್ಲ, ಯಾಕೆ ಬಂದೆ ಎನ್ನಲೂ ಇಲ್ಲ. ಕೂರಿಸಿ ನೀರು ಕೊಟ್ಟರು. ನಾನು ಕೌದಿಯನ್ನು ಅವರ ತೊಡೆಯ ಮೇಲೆ ಬಿಚ್ಚಿದೆ. ಅವರು ಒಂದೊಂದೇ ಬಟ್ಟೆಯನ್ನು ಬೆರಳಿನಿಂದ ಮುಟ್ಟುತ್ತಾ ಬಂದು ನೀಲಿ ಚೌಕಳಿಯ ಹತ್ತಿರ ನಿಂತರು. ಬಗ್ಗಿ ಮೂಸಿದರು. ಅದನ್ನು ನೋಡುತ್ತಾ ಕೂರಲು ನನ್ನಿಂದಾಗಲಿಲ್ಲ.

"ಆಂಟಿ, ನೀವು ಕೊಟ್ಟ ದಿನಾನೇ ನಾನು ಎಲ್ಲಾನೂ ತೊಳೆದ್ಬಿಟ್ಟಿದ್ದೆ. ಸತ್ತವರ ಬಟ್ಟೆ ಅಂತ ನೆನೆಹಾಕ್ಬಿಟ್ಟೆ. ನೀವು ಕೇಳೋಕೆ ಬಂದಾಗ ಕತ್ತರಿಸಿರ್ಲಿಲ್ಲ. ಸುಳ್ಳು ಹೇಳ್ದೆ. ನೀವು ಹೋದ ಮೇಲೆ ಕತ್ತರಿಸ್ದೆ."

ಅವರು ಕೌದಿಯನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದರು. ಅಷ್ಟು ಸಿಟ್ಟು ಅವರ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

"ಅದಕ್ಕೇನಾ ನೀನು ಫೋನ್ ಎತ್ತದೆ ಇದ್ದದ್ದು?"

ತಲೆಯಾಡಿಸಿದೆ.

"ವಾಸನೆ ಹೇಗೂ ಹೋಗುವುದೇ ಮಾರಾಯ್ತಿ. ಆರು ತಿಂಗಳಿಗೆ ಹೋಗ್ತದೆ, ಒಂದು ವರ್ಷಕ್ಕೆ ಹೋಗ್ತದೆ. ಅತ್ತು ಸುಮ್ಮನಾಗ್ತಿದ್ದೆ. ಆದ್ರೆ ಅವರ ವಿಷಯ ಮಾತಾಡ್ಲಿಕ್ಕೆ ನನಗೆ ಇದ್ದದ್ದು ಯಾರು? ಮಕ್ಕಳ ಹತ್ರ ಹೇಳಿದ್ರೆ ಅವರು ಅಳ್ತಾರೆ. ಇಗರ್ಜಿಯವರ ಹತ್ರ ಹೇಳಿದ್ರೆ ಪ್ರಾರ್ಥನೆ ಮಾಡುವ ಅಂತಾರೆ. ಅವರನ್ನು ನೆನೆದು ನಗ್ಲಿಕ್ಕೆ ನೀನೊಬ್ಬಳೇ ಇದ್ದದ್ದು. ನಿನಗೆ ಯಾವಾಗ ಫೋನ್ ಮಾಡಿದ್ರೂ ಟೈಮ್ ಇಲ್ಲ. ನಾನು ಎಂತ ತಪ್ಪು ಮಾಡಿದೆ ಅಂತ ಆರು ವರ್ಷ ಯೋಚನೆ ಮಾಡಿದೆ, ಗೊತ್ತುಂಟಾ ನಿನಗೆ?"

ಆರು ವರ್ಷ ನಾನು ಕಳೆದುಹೋದ ಒಂದು ವಾಸನೆಗಾಗಿ ಕೊರಗಿದ್ದೆ. ನಾನು ಅವರಿಂದ ಕಿತ್ತುಕೊಂಡದ್ದು ಬೇರೆಯೇ ಆಗಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳುವವರೆಗೆ ನನ್ನ ತಲೆಗೆ ಹೊಳೆದಿರಲೇ ಇಲ್ಲ. "ತಪ್ಪಾಯ್ತು ಆಂಟಿ" ಎಂದೆ. ಅವರು ಅಡ್ಡಿಯಿಲ್ಲ ಎನ್ನಲಿಲ್ಲ. ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದು ಕೇಳಿಸಿತು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಚಪ್ಪಲಿಯ ಕಡೆ ನೋಡುತ್ತಿದ್ದೆ.

ಎರಡು ಲೋಟ ಚಹಾ ತಂದು ಮೇಜಿನ ಮೇಲೆ ಕುಕ್ಕಿದರು. ನನ್ನ ಪಕ್ಕಕ್ಕೇ ಬಂದು ಕೂತು, ಕೌದಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, ಮೂಲೆಯ ಹಸಿರು ಗೀಟಿನ ತುಂಡಿನ ಮೇಲೆ ಬೆರಳಿಟ್ಟರು. ಧ್ವನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಇದು ಕುವೈತ್‌ನಲ್ಲಿ ತಕೊಂಡದ್ದು. ಅಂಗಡಿಯವ ಇದು ಹೆಂಗಸರದ್ದು ಅಂದ. ಇವರು ಕೇಳ್ಬೇಕಲ್ಲ! ನಿನಗೆ ಹೇಳಿದ್ದೆನಾ ನಾನು ಇದನ್ನು?"

ಇಲ್ಲ ಎಂದೆ. ಒಂಬತ್ತು ಅಂಗಿಗಳಿದ್ದವು. ಅವರು ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು, ನನ್ನ ವಿಮಾನ ಹೊರಟುಹೋಗಿತ್ತು.